ಖಾತರಿ ಮುಗಿದ ಕೈಗಡಿಯಾರ: ಬೇಕಾದದ್ದು ಹಳೆಯ ಕಾಗದವೋ, ಹೊಸ ದಾಖಲೆಯೋ?

ದುಬಾರಿ ಕೈಗಡಿಯಾರವೊಂದು ಖಾತರಿ ಅವಧಿ ಮುಗಿದ ಮೇಲೆ ದುರಸ್ತಿಗೆ ಬಂದಾಗ ಅಂಗಡಿಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಅನೇಕ ವೇಳೆ ಗಡಿಯಾರದ ನಡೆಯನ್ನು ಕುರಿತದ್ದಾಗಿರುವುದಿಲ್ಲ, ‘ಮೂಲ ಕಾಗದಪತ್ರಗಳಿವೆಯೇ?’ ಎಂಬುದಾಗಿರುತ್ತದೆ. ಪೆಟ್ಟಿಗೆ, ವಾರಂಟಿ ಕಾರ್ಡ್, ಬಿಲ್ಲು ಇವುಗಳಲ್ಲಿ ಯಾವುದೂ ಇಲ್ಲವೆಂದರೆ ಗ್ರಾಹಕನು ಸಂದೇಹಕ್ಕೆ ಪಾತ್ರನಾಗುತ್ತಾನೆ. ಕೆಲವೊಮ್ಮೆ ಗಡಿಯಾರದ ಹಿಂಬದಿಯ ಮುಚ್ಚಳವನ್ನೂ ತೆರೆಯದೆ ಹಿಂದಿರುಗಿಸಲಾಗುತ್ತದೆ. ಇನ್ನೊಂದೆಡೆ, ಯಾವ ಪ್ರಶ್ನೆಯನ್ನೂ ಕೇಳದೆ, ಒಂದು ಚೀಟಿಯನ್ನೂ ಬರೆದುಕೊಡದೆ, ಲಕ್ಷಾಂತರ ರೂಪಾಯಿ ಬೆಲೆಯ ವಸ್ತುವನ್ನು ಮೇಜಿನ ಖಾನೆಗೆ ಹಾಕಿಕೊಳ್ಳುವ ಅಂಗಡಿಗಳೂ ಇವೆ. ಈ ಎರಡೂ ರೂಢಿಗಳು ವ್ಯಾಪಾರಕ್ಕೆ ಹಿತಕರವಲ್ಲ. ಮೊದಲನೆಯದು ಬೇಡದ ಕಾಗದವನ್ನು ಕೇಳುತ್ತದೆ. ಎರಡನೆಯದು ಬೇಕಾದ ಕಾಗದವನ್ನು ಬರೆಯುವುದಿಲ್ಲ.

ಈ ಪ್ರಶ್ನೆ ಕೆಲವೇ ಸಿರಿವಂತರಿಗೆ ಸಂಬಂಧಿಸಿದ್ದೆಂದು ಬದಿಗೆ ಸರಿಸುವಂತಿಲ್ಲ. ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ರಾಷ್ಟ್ರಗಳ ಎಫ್ಟಾ ಒಕ್ಕೂಟದೊಂದಿಗೆ ಭಾರತವು 2024ರ ಮಾರ್ಚ್ 10ರಂದು ಮಾಡಿಕೊಂಡ ವ್ಯಾಪಾರ ಒಪ್ಪಂದವು 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದ್ದು, ಸ್ವಿಸ್ ಗಡಿಯಾರಗಳ ಮೇಲಿನ ಆಮದು ಸುಂಕವು ಹಂತಹಂತವಾಗಿ ಇಳಿಯುವ ಏರ್ಪಾಡು ಅದರಲ್ಲಿದೆ. ಇಂದು ಮಾರಾಟವಾಗುವ ಪ್ರತಿಯೊಂದು ಯಾಂತ್ರಿಕ ಗಡಿಯಾರವೂ ಕೆಲವು ವರ್ಷಗಳ ನಂತರ ದುರಸ್ತಿಯ ಮೇಜಿಗೆ ಬರಲೇಬೇಕು. ಮಾರಾಟದ ಲಾಭವು ಒಮ್ಮೆ ಮಾತ್ರ. ಸೇವೆಯ ಆದಾಯವು ತಲೆಮಾರುಗಳ ಕಾಲ. ಆ ಆದಾಯ ಬೆಂಗಳೂರಿನಲ್ಲಿ ಉಳಿಯುವುದೋ ಅಥವಾ ದುಬೈ, ಸಿಂಗಪುರಗಳ ಪಾಲಾಗುವುದೋ ಎಂಬುದು ಇಂದಿನ ಕ್ರಮಗಳನ್ನು ಅವಲಂಬಿಸಿದೆ.

ವಾರಂಟಿ ಕಾರ್ಡಿನ ಆಯುಸ್ಸು

ವಾರಂಟಿ ಕಾರ್ಡ್ ಎಂಬುದು ತಯಾರಕನು ಕೊಂಡವನಿಗೆ ನೀಡುವ ಒಂದು ವಾಗ್ದಾನ. ಅದರಲ್ಲಿ ಗಡಿಯಾರದ ಕ್ರಮಸಂಖ್ಯೆ, ಮಾರಾಟದ ದಿನಾಂಕ, ಮಾರಾಟಗಾರನ ಗುರುತು ಇರುತ್ತವೆ. ರೋಲೆಕ್ಸ್ ಸಂಸ್ಥೆಯು 2015ರಲ್ಲಿಯೂ ಒಮೆಗಾ ಸಂಸ್ಥೆಯು 2018ರಲ್ಲಿಯೂ ತಮ್ಮ ಖಾತರಿ ಅವಧಿಯನ್ನು ಐದು ವರ್ಷಗಳಿಗೆ ವಿಸ್ತರಿಸಿದವು. ಆ ಅವಧಿಯಲ್ಲಿ ತಯಾರಿಕೆಯ ದೋಷವನ್ನು ಉಚಿತವಾಗಿ ಸರಿಪಡಿಸಬೇಕಾದ ಹೊಣೆ ತಯಾರಕನದು. ಆದ್ದರಿಂದ ಯಾವಾಗ, ಎಲ್ಲಿ, ಯಾರಿಂದ ಕೊಂಡದ್ದು ಎಂಬುದಕ್ಕೆ ಪುರಾವೆ ಕೇಳುವುದು ನ್ಯಾಯವೇ ಆಗಿದೆ.

ಅವಧಿ ಮುಗಿದ ಮರುದಿನವೇ ಈ ಲೆಕ್ಕ ಬದಲಾಗುತ್ತದೆ. ಆಗ ಗ್ರಾಹಕನು ಬರುವುದು ಉಚಿತ ಸೇವೆ ಬೇಡಿ ಅಲ್ಲ, ಹಣ ತೆತ್ತು ಕೆಲಸ ಮಾಡಿಸಿಕೊಳ್ಳಲು. ಹೊಸದೊಂದು ಒಪ್ಪಂದ ಅಲ್ಲಿ ಏರ್ಪಡುತ್ತದೆ; ಹಳೆಯ ವಾಗ್ದಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಹಣ ಪಡೆದು ಮಾಡುವ ಸೇವೆಗೆ ಪ್ರಮುಖ ತಯಾರಕರು ಸಾಮಾನ್ಯವಾಗಿ ವಾರಂಟಿ ಕಾರ್ಡನ್ನು ಷರತ್ತಾಗಿ ಇಡುವುದಿಲ್ಲ. ಅಧಿಕೃತ ಸೇವಾ ಕೇಂದ್ರಗಳು ಗಡಿಯಾರವನ್ನು ನಿರಾಕರಿಸುವುದು ಬೇರೆ ಕಾರಣಗಳಿಗೆ: ಹೊರಗಿನವರು ಕೂರಿಸಿದ ವಜ್ರಗಳು, ಬದಲಾಯಿಸಿದ ಡಯಲ್, ಅನ್ಯ ತಯಾರಿಕೆಯ ಬಿಡಿಭಾಗ, ಇಲ್ಲವೇ ಸಂಪೂರ್ಣ ನಕಲಿ ವಸ್ತು. ಇವೆಲ್ಲವೂ ಗಡಿಯಾರದೊಳಗೆ ಕಾಣುವ ಸಂಗತಿಗಳೇ ಹೊರತು ಕಾಗದದಲ್ಲಿ ಕಾಣುವಂಥವಲ್ಲ.

ಗಡಿಯಾರವೇ ನುಡಿಯುವ ಸಾಕ್ಷ್ಯ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ಉತ್ತಮ ಗಡಿಯಾರವು ತನ್ನ ಗುರುತನ್ನು ತನ್ನ ಮೈಮೇಲೆಯೇ ಹೊತ್ತಿರುತ್ತದೆ. ಕವಚದ ಮೇಲೆ ಕೊರೆದ ಕ್ರಮಸಂಖ್ಯೆ, ಯಂತ್ರಭಾಗದ ಮೇಲಿನ ಮಾದರಿ ಸಂಖ್ಯೆ, ತಿರುಪುಗಳ ಹೊಳಪು, ಚಕ್ರಗಳ ಅಂಚಿನ ಕೆಲಸಗಾರಿಕೆ ಇವುಗಳನ್ನು ಭೂತಗನ್ನಡಿಯ ಅಡಿಯಲ್ಲಿ ನೋಡಿದ ನುರಿತ ಕುಶಲಕರ್ಮಿಗೆ ಅಸಲಿ ಯಾವುದು, ನಕಲಿ ಯಾವುದು, ಎಲ್ಲಿ ಯಾವ ಭಾಗ ಬದಲಾಗಿದೆ ಎಂಬುದು ತಿಳಿಯುತ್ತದೆ. ಎಣ್ಣೆ ಒಣಗಿದೆಯೇ, ಮುದ್ರೆಯ ರಬ್ಬರ್ ಬಳೆ ಸಡಿಲವಾಗಿದೆಯೇ, ತೇವ ಒಳಹೊಕ್ಕಿದೆಯೇ ಎಂಬುದನ್ನು ಯಾವ ಪ್ರಮಾಣಪತ್ರವೂ ಹೇಳಲಾರದು. ಗಂಟೆಗೆ 28,800 ಬಾರಿ ಮಿಡಿಯುವ ಯಂತ್ರದ ಆರೋಗ್ಯವನ್ನು ಅರಿಯಲು ನಡೆ ಅಳೆಯುವ ಉಪಕರಣ ಬೇಕೇ ಹೊರತು ಹಳೆಯ ಪೆಟ್ಟಿಗೆಯಲ್ಲ. ವೈದ್ಯನು ಜ್ವರಕ್ಕೆ ಮದ್ದು ನೀಡುವ ಮುನ್ನ ರೋಗಿಯ ಜಾತಕ ಕೇಳುವುದಿಲ್ಲ.

ಹೆಸರಾಂತ ತಯಾರಕರ ನಡವಳಿಕೆಯೂ ಇದನ್ನೇ ಸಮರ್ಥಿಸುತ್ತದೆ. ಪಾಟೆಕ್ ಫಿಲಿಪ್ ಸಂಸ್ಥೆಯು 1839ರಲ್ಲಿ ತಾನು ಸ್ಥಾಪನೆಯಾದಂದಿನಿಂದ ತಯಾರಿಸಿದ ಯಾವುದೇ ಗಡಿಯಾರವನ್ನು ದುರಸ್ತಿ ಮಾಡಲು ಸಿದ್ಧವೆಂದು ಸಾರಿದೆ. ನೂರೈವತ್ತು ವರ್ಷ ಹಳೆಯ ಗಡಿಯಾರದ ಒಡೆಯನು ಮೂಲ ಬಿಲ್ಲನ್ನು ತರುವನೆಂದು ಯಾರೂ ನಿರೀಕ್ಷಿಸಲಾರರು. ಸಂಸ್ಥೆಯೇ ತನ್ನ ಕಡತಗಳನ್ನು ನೋಡಿಕೊಳ್ಳುತ್ತದೆ. ಲಾಂಜೀನ್ಸ್ ಸಂಸ್ಥೆಯಲ್ಲಿ 1867ರಿಂದ ಆರಂಭವಾಗುವ ಕೈಬರಹದ ದಾಖಲೆ ಪುಸ್ತಕಗಳಿದ್ದು, ಕ್ರಮಸಂಖ್ಯೆಯ ಆಧಾರದ ಮೇಲೆ ಗಡಿಯಾರವೊಂದರ ಹುಟ್ಟನ್ನು ಹೇಳಬಲ್ಲವು.

ದೂರ ಹೋಗಬೇಕಾಗಿಯೂ ಇಲ್ಲ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಕೈಗಡಿಯಾರ ತಯಾರಿಕೆಗೆ ತೆರೆ ಎಳೆಯಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಆ ಗಡಿಯಾರಗಳು ವಿಲಾಸಿ ವಸ್ತುಗಳಲ್ಲ, ನಿಜ. ಆದರೂ ತಯಾರಕನೇ ಇಲ್ಲವಾದ ಮೇಲೂ ರಾಜ್ಯದ ಊರೂರಿನ ಕುಶಲಕರ್ಮಿಗಳು ಅವುಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ನಡೆಸುತ್ತಿದ್ದಾರೆ. ವಾರಂಟಿ ಕಾರ್ಡ್ ಕೇಳಿ ಮಾಡಿದ ಕೆಲಸ ಅದಲ್ಲ.

ಕಾಗದವೂ ಸುಳ್ಳಾಡಬಲ್ಲದು

ಕಾಗದವಿದ್ದರೆ ವಸ್ತು ಅಸಲಿ ಎಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಇತ್ತೀಚಿನ ಒಂದು ನಿದರ್ಶನ ಸಾಕು. 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜೊಂದರಲ್ಲಿ 1957ರದೆಂದು ಹೇಳಲಾದ ಒಮೆಗಾ ಸ್ಪೀಡ್‌ಮಾಸ್ಟರ್ ಗಡಿಯಾರವು 31 ಲಕ್ಷ ಸ್ವಿಸ್ ಫ್ರಾಂಕ್‌ಗಳಿಗೂ ಅಧಿಕ ಬೆಲೆಗೆ ಮಾರಾಟವಾಯಿತು. ಕೊಂಡದ್ದು ತನ್ನ ವಸ್ತುಸಂಗ್ರಹಾಲಯಕ್ಕಾಗಿ ಒಮೆಗಾ ಸಂಸ್ಥೆಯೇ. ಅದು ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಕಟ್ಟಿದ ವಸ್ತುವೆಂದೂ, ವ್ಯವಹಾರದಲ್ಲಿ ತನ್ನದೇ ಮೂವರು ಮಾಜಿ ನೌಕರರ ಕೈವಾಡವಿತ್ತೆಂದೂ 2023ರಲ್ಲಿ ಸಂಸ್ಥೆಯೇ ಪ್ರಕಟಿಸಿತು. ತಯಾರಕನ ಕಡತ, ಪ್ರತಿಷ್ಠಿತ ಹರಾಜು ಸಂಸ್ಥೆಯ ವಿವರಣೆ ಇವೆಲ್ಲದರ ನಡುವೆಯೂ ಮೋಸ ನಡೆಯಿತು. ನಕಲಿ ಗಡಿಯಾರ ತಯಾರಿಸಬಲ್ಲವನಿಗೆ ನಕಲಿ ಕಾರ್ಡ್ ಮುದ್ರಿಸುವುದು ಅದಕ್ಕಿಂತ ಸುಲಭ. ಆದ್ದರಿಂದ ಕಾರ್ಡಿದೆಯೆಂದು ತಪಾಸಣೆಯನ್ನು ಸಡಿಲಿಸುವುದೂ, ಕಾರ್ಡಿಲ್ಲವೆಂದು ತಪಾಸಣೆಯನ್ನೇ ನಿರಾಕರಿಸುವುದೂ ಒಂದೇ ತಪ್ಪಿನ ಎರಡು ಮುಖಗಳು.

ಈ ಗೊಂದಲದ ಮೂಲ ಇರುವುದು ಮರುಮಾರಾಟದ ಪೇಟೆಯಲ್ಲಿ. ಬಳಸಿದ ಗಡಿಯಾರವನ್ನು ಮಾರುವಾಗ ಪೆಟ್ಟಿಗೆ ಮತ್ತು ಕಾಗದಪತ್ರಗಳಿದ್ದರೆ ಹೆಚ್ಚಿನ ಬೆಲೆ ದೊರೆಯುತ್ತದೆ. ಸಂಗ್ರಾಹಕರು ಪೂರ್ಣತೆಗೆ ಹಣ ಕೊಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾರಾಟದ ಬೆಲೆ ನಿರ್ಧರಿಸುವ ಅಳತೆಗೋಲನ್ನು ದುರಸ್ತಿಯ ಮೇಜಿಗೆ ತಂದಾಗ, ತಂದೆಯ ಗಡಿಯಾರವನ್ನು ಧರಿಸಬಯಸುವ ಮಗನನ್ನೂ ಮಾರಲು ಬಂದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ.

ಕಳವು ಮತ್ತು ಕಳ್ಳಸಾಗಣೆಯ ಶಂಕೆ

ಎದುರು ವಾದವೊಂದಿದೆ, ಅದು ಗಟ್ಟಿಯಾದದ್ದೂ ಹೌದು. ಕಾಗದ ಕೇಳದೆ ಕೆಲಸ ಹಿಡಿದರೆ ಕಳವಿನ ಮಾಲೋ ಸುಂಕ ತಪ್ಪಿಸಿ ತಂದ ಮಾಲೋ ಅಂಗಡಿಯೊಳಗೆ ಸೇರಿ, ವರ್ತಕನೇ ಸಂಕಷ್ಟಕ್ಕೆ ಸಿಲುಕುವನು ಎಂಬುದು ಆ ವಾದ. ಈ ಭಯ ನಿರಾಧಾರವಲ್ಲ. 1962ರ ಸೀಮಾಸುಂಕ ಅಧಿನಿಯಮದ 123ನೆಯ ಪ್ರಕರಣವು ಚಿನ್ನದೊಂದಿಗೆ ಕೈಗಡಿಯಾರಗಳನ್ನೂ ಹೆಸರಿಸಿಯೇ ಹೇಳಿದೆ. ಕಳ್ಳಸಾಗಣೆಯ ಮಾಲೆಂಬ ಸಕಾರಣ ನಂಬಿಕೆಯಿಂದ ಅಧಿಕಾರಿಗಳು ಗಡಿಯಾರವನ್ನು ವಶಪಡಿಸಿಕೊಂಡರೆ, ಅದು ಕಳ್ಳಸಾಗಣೆಯದಲ್ಲವೆಂದು ಸಾಬೀತುಪಡಿಸುವ ಹೊಣೆ ಯಾರ ಬಳಿ ಅದು ಸಿಕ್ಕಿತೋ ಅವರ ಮೇಲೆ ಬೀಳುತ್ತದೆ. ಬೇರೊಬ್ಬರು ಒಡೆತನ ಸಾರಿದರೆ ಅವರ ಮೇಲೂ ಬೀಳುತ್ತದೆ. ಹಾಗೆಯೇ, ಕಳವಿನದೆಂದು ತಿಳಿದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ದುರುದ್ದೇಶದಿಂದ ಮಾಲನ್ನು ಪಡೆದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಪ್ರಕರಣದಂತೆ ಅಪರಾಧ.

ಆದರೆ ಇಲ್ಲಿಯೇ ಸೂಕ್ಷ್ಮವೊಂದನ್ನು ಗಮನಿಸಬೇಕು. ಈ ಕಾನೂನುಗಳ ಮುಂದೆ ವಾರಂಟಿ ಕಾರ್ಡ್ ಯಾವ ರಕ್ಷಣೆ ನೀಡುತ್ತದೆ? ದುಬೈನ ಅಥವಾ ಸಿಂಗಪುರದ ಮಾರಾಟಗಾರನ ಗುರುತಿರುವ ಕಾರ್ಡ್ ಆ ಗಡಿಯಾರ ಹೊರದೇಶದಲ್ಲಿ ಮಾರಾಟವಾಯಿತು ಎಂಬುದನ್ನಷ್ಟೇ ಹೇಳುತ್ತದೆ. ಭಾರತಕ್ಕೆ ಬರುವಾಗ ಸುಂಕ ತೆತ್ತರೇ ಎಂಬುದನ್ನು ಹೇಳುವುದಿಲ್ಲ. ಕಾರ್ಡನ್ನು ಗಡಿಯಾರದೊಂದಿಗೇ ಕದ್ದಿರಲೂಬಹುದು. ಕಾನೂನಿನ ದೃಷ್ಟಿಯಲ್ಲಿ ಬೆಲೆಯುಳ್ಳದ್ದು ದೇಶೀಯ ಮಾರಾಟದ ತೆರಿಗೆ ಬಿಲ್ಲು, ಇಲ್ಲವೇ ಸುಂಕ ಪಾವತಿಯ ರಸೀದಿ. ‘ಮೂಲ ಕಾಗದಪತ್ರ’ ಎಂಬ ಒಂದೇ ಮಾತಿನಡಿ ಇವೆಲ್ಲವನ್ನೂ ಕಲಸಿಬಿಟ್ಟಿರುವುದೇ ಇಂದಿನ ತೊಡಕು. ಪೆಟ್ಟಿಗೆ ಅಲಂಕಾರ, ಕಾರ್ಡ್ ಅವಧಿಯುಳ್ಳ ವಾಗ್ದಾನ, ಬಿಲ್ಲು ಮಾತ್ರವೇ ಬಹುಕಾಲದ ಪುರಾವೆ.

ಹಾಗೆಂದು ಬಿಲ್ಲಿಲ್ಲದವರನ್ನೆಲ್ಲ ಹಿಂದಕ್ಕೆ ಕಳುಹಿಸಬೇಕೆ? ಹಾಗೆ ಮಾಡಿದರೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ದಶಕಗಳ ಹಿಂದೆ ಗಡಿಯಾರ ತಂದ ಕರಾವಳಿಯ ಕುಟುಂಬಗಳಿಗೆ, ಅಜ್ಜನ ಉಡುಗೊರೆಯನ್ನು ಉಳಿಸಿಕೊಂಡ ಮನೆಗಳಿಗೆ ಅನ್ಯಾಯವಾಗುತ್ತದೆ. ದುರಸ್ತಿಗಾರನು ಗಡಿಯಾರದ ಒಡೆಯನಲ್ಲ, ಕೊಳ್ಳುವವನೂ ಅಲ್ಲ. 1872ರ ಭಾರತೀಯ ಕರಾರು ಅಧಿನಿಯಮದಂತೆ ಅವನು ನ್ಯಾಸವಾಗಿ ವಸ್ತುವನ್ನು ಪಡೆದವನು. ತನ್ನದೇ ವಸ್ತುವನ್ನು ಸಾಮಾನ್ಯ ವಿವೇಕಿಯೊಬ್ಬನು ಹೇಗೆ ಜೋಪಾನ ಮಾಡುವನೋ ಹಾಗೆ ಅದನ್ನು ಕಾಯುವುದು ಅವನ ಕರ್ತವ್ಯವೆಂದು 151ನೆಯ ಪ್ರಕರಣ ಹೇಳುತ್ತದೆ. ಕೊಟ್ಟವನಿಗೆ ಒಡೆತನವೇ ಇಲ್ಲದಿದ್ದರೂ ಸದ್ಭಾವನೆಯಿಂದ ಅವನಿಗೇ ಹಿಂದಿರುಗಿಸಿದ ನ್ಯಾಸಧಾರಿಯು ನಿಜವಾದ ಒಡೆಯನಿಗೆ ಹೊಣೆಗಾರನಾಗುವುದಿಲ್ಲ ಎಂದು 166ನೆಯ ಪ್ರಕರಣ ರಕ್ಷಣೆ ನೀಡುತ್ತದೆ. ಮಾಡಿದ ಕೆಲಸದ ಹಣ ಬರುವವರೆಗೆ ವಸ್ತುವನ್ನು ತಡೆಹಿಡಿಯುವ ಹಕ್ಕು 170ನೆಯ ಪ್ರಕರಣದಲ್ಲಿದೆ. ಕಾನೂನು ದುರಸ್ತಿಗಾರನ ವಿರುದ್ಧ ನಿಂತಿಲ್ಲ. ಆದರೆ ಸದ್ಭಾವನೆಯನ್ನು ಬಾಯಿಮಾತಿನಿಂದ ಸಾಬೀತುಪಡಿಸುವುದು ಕಷ್ಟ. ಅದಕ್ಕೆ ಬರೆಹದ ಆಧಾರ ಬೇಕು.

ಅಂಗಡಿಯೇ ಬರೆಯಬೇಕಾದ ದಾಖಲೆ

ಈ ಚರ್ಚೆಯ ತಿರುಳು ಇದೇ. ಗ್ರಾಹಕನು ತರಬೇಕಾದ ಹಳೆಯ ಕಾಗದಕ್ಕಿಂತ ಅಂಗಡಿಯು ಬರೆದುಕೊಡಬೇಕಾದ ಹೊಸ ದಾಖಲೆಯೇ ಹೆಚ್ಚು ಮುಖ್ಯ. ಗಡಿಯಾರ ಸ್ವೀಕರಿಸುವಾಗಲೇ ಪತ್ರವೊಂದನ್ನು ಸಿದ್ಧಪಡಿಸಿ ಅದರಲ್ಲಿ ಈ ಅಂಶಗಳನ್ನು ದಾಖಲಿಸುವುದು ಕಷ್ಟವೇನಲ್ಲ: ತಂದವರ ಹೆಸರು, ವಿಳಾಸ ಮತ್ತು ಗುರುತಿನ ಚೀಟಿಯ ವಿವರ, ಗಡಿಯಾರದ ಮಾದರಿ ಮತ್ತು ಕ್ರಮಸಂಖ್ಯೆ, ಮುಂಭಾಗ ಹಾಗೂ ಹಿಂಭಾಗದ ಛಾಯಾಚಿತ್ರ, ಇರುವ ಗೀರು, ಒಡಕು, ತಗ್ಗುಗಳ ಪಟ್ಟಿ, ಗಾಜು, ಪಟ್ಟಿ, ಕೊಂಡಿಗಳ ಸ್ಥಿತಿ, ಬಿಲ್ಲು ಇದ್ದರೆ ಅದರ ಪ್ರತಿ, ಇಲ್ಲದಿದ್ದರೆ ಗಡಿಯಾರ ತಮಗೆ ಹೇಗೆ ಬಂತೆಂಬ ಬಗ್ಗೆ ಗ್ರಾಹಕರ ಸಹಿಯುಳ್ಳ ಹೇಳಿಕೆ, ಅಂದಾಜು ವೆಚ್ಚ ಮತ್ತು ಅವಧಿ.

ಕ್ರಮಸಂಖ್ಯೆಯನ್ನು ಕಳವಾದ ಗಡಿಯಾರಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುವುದು ಎರಡನೆಯ ಹೆಜ್ಜೆ. ಲಂಡನ್ನಿನ ವಾಚ್ ರಿಜಿಸ್ಟರ್ ಇಂತಹ ದತ್ತಾಂಶವನ್ನು ನಿರ್ವಹಿಸುತ್ತದೆ. ಸ್ವಿಟ್ಜರ್ಲೆಂಡಿನ ರಿಶ್ಮಾಂ ಸಮೂಹವು 2023ರಲ್ಲಿ ಎನ್‌ಕ್ವೈರಸ್ ಎಂಬ ವೇದಿಕೆಯನ್ನು ಆರಂಭಿಸಿತು. ಕೆಲವು ನಿಮಿಷಗಳಲ್ಲಿ ಆಗುವ ಈ ಪರಿಶೀಲನೆಯು ಹತ್ತು ಪೆಟ್ಟಿಗೆಗಳಿಗಿಂತ ಮಿಗಿಲಾದ ಭರವಸೆ ನೀಡುತ್ತದೆ.

ಮೂರನೆಯದು, ಕೆಲಸ ಮುಗಿದ ಮೇಲಿನ ವಿವರಪಟ್ಟಿ. ಯಾವ ಭಾಗ ಬದಲಾಯಿತು, ಹಾಕಿದ ಭಾಗ ಮೂಲ ತಯಾರಕನದೇ ಅಥವಾ ಬೇರೆಯದೇ, ತೆಗೆದ ಹಳೆಯ ಭಾಗವನ್ನು ಹಿಂದಿರುಗಿಸಲಾಯಿತೇ, ದುರಸ್ತಿಗೆ ಮುನ್ನ ಮತ್ತು ನಂತರ ದಿನಕ್ಕೆ ಎಷ್ಟು ಸೆಕೆಂಡುಗಳ ವ್ಯತ್ಯಾಸವಿತ್ತು, ನೀರು ತಡೆಯುವ ಪರೀಕ್ಷೆಯ ಫಲವೇನು, ಈ ಕೆಲಸಕ್ಕೆ ಅಂಗಡಿಯು ನೀಡುವ ಖಾತರಿ ಎಷ್ಟು ಕಾಲ ಎಂಬುದೆಲ್ಲ ಅದರಲ್ಲಿರಬೇಕು. ಪ್ರಮುಖ ಸ್ವಿಸ್ ತಯಾರಕರು ಪೂರ್ಣ ಸೇವೆಯ ನಂತರ ಎರಡು ವರ್ಷಗಳ ಸೇವಾ ಖಾತರಿ ನೀಡುತ್ತಾರೆ. ಸ್ವತಂತ್ರ ಕುಶಲಕರ್ಮಿಯು ಒಂದೇ ವರ್ಷದ ಖಾತರಿಯನ್ನು ಬರೆದು ಕೊಟ್ಟರೂ ಗ್ರಾಹಕನ ವಿಶ್ವಾಸ ಗಳಿಸಬಲ್ಲನು. ಮುಂದಿನ ದುರಸ್ತಿಗಾರನಿಗೆ ಈ ಪಟ್ಟಿಯು ವಾರಂಟಿ ಕಾರ್ಡಿಗಿಂತ ನೂರು ಪಾಲು ಉಪಯುಕ್ತ.

ಇದು ಬರೀ ಸೌಜನ್ಯದ ಮಾತೂ ಅಲ್ಲ. ಮಾರಿದ ಸರಕಿಗಾಗಲೀ ಸಲ್ಲಿಸಿದ ಸೇವೆಗಾಗಲೀ ಬಿಲ್ಲು ಅಥವಾ ರಸೀದಿ ನೀಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಹಣ ಕೊಟ್ಟು ದುರಸ್ತಿ ಮಾಡಿಸಿದವನು ಖಾತರಿ ಅವಧಿ ಮುಗಿದಿದ್ದರೂ ಗ್ರಾಹಕನೇ. ಸೇವಾ ನ್ಯೂನತೆಗಾಗಿ ಎರಡು ವರ್ಷಗಳೊಳಗೆ ಆಯೋಗದ ಮೊರೆ ಹೋಗಬಲ್ಲನು. ಗೀರು ಮೊದಲೇ ಇತ್ತೋ ಅಂಗಡಿಯಲ್ಲಿ ಆಯಿತೋ ಎಂಬ ವಿವಾದ ಎದ್ದಾಗ ಸ್ವೀಕೃತಿ ಪತ್ರವಿಲ್ಲದ ವರ್ತಕನ ಬಳಿ ಹೇಳಲು ಏನೂ ಉಳಿಯುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಬರೆಹದ ಕೆಲಸಕ್ಕೆ ಸಮಯವೆಲ್ಲಿ, ಸಣ್ಣ ಅಂಗಡಿಯವನಿಗೆ ಇದೆಲ್ಲ ಹೊರೆಯಲ್ಲವೇ ಎಂಬ ಆಕ್ಷೇಪ ಬರಬಹುದು. ಇನ್ನೂರು ರೂಪಾಯಿಯ ಬ್ಯಾಟರಿ ಬದಲಾವಣೆಗೆ ಇಷ್ಟೆಲ್ಲ ಬೇಡ ಎಂಬುದನ್ನು ಒಪ್ಪಬಹುದು. ಆದರೆ ಅಂಗಡಿಯ ಇಡೀ ಬಂಡವಾಳಕ್ಕಿಂತ ಬೆಲೆಬಾಳುವ ಗಡಿಯಾರವೊಂದನ್ನು ರಾತ್ರಿ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವನಿಗೆ ಹದಿನೈದು ನಿಮಿಷದ ಬರೆಹವು ಹೊರೆಯಲ್ಲ, ಕಾವಲು.

ಗ್ರಾಹಕರಿಗೆ ಹೇಳಬೇಕಾದ ಮಾತು

ವರ್ತಕರು ಗ್ರಾಹಕರಿಗೆ ತಿಳಿಹೇಳಬೇಕಾದ ಎರಡು ವಿಷಯಗಳಿವೆ. ಮೊದಲನೆಯದಾಗಿ, ಕಳೆದುಹೋದ ವಾರಂಟಿ ಕಾರ್ಡಿಗೆ ನಕಲು ದೊರೆಯುವುದು ಅಪರೂಪ. ಆದರೆ ಬಿಲ್ಲಿನ ನಕಲು ದೊರೆಯಬಲ್ಲದು. ಜಿಎಸ್‌ಟಿ ಕಾನೂನಿನಂತೆ ವರ್ತಕನು ತನ್ನ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಗಡುವಿನಿಂದ 72 ತಿಂಗಳ ಕಾಲ ಕಾಪಾಡಬೇಕು. ಅನಂತರ ಆ ಬಾಧ್ಯತೆ ಇರುವುದಿಲ್ಲ. ಆದ್ದರಿಂದ ಬಿಲ್ಲು ಕಳೆದುಕೊಂಡವರು ಖಾತರಿ ಅವಧಿ ಮುಗಿಯುವ ಹೊತ್ತಿಗೆ ನಕಲನ್ನು ಪಡೆದಿಟ್ಟುಕೊಳ್ಳುವುದು ಜಾಣತನ. 10 ಲಕ್ಷ ರೂಪಾಯಿ ಮೀರಿದ ಕೈಗಡಿಯಾರಗಳ ಮಾರಾಟದ ಮೇಲೆ 2025ರ ಏಪ್ರಿಲ್ 22ರಿಂದ ಶೇಕಡ 1ರಷ್ಟು ಆದಾಯ ತೆರಿಗೆ ಸಂಗ್ರಹ ಜಾರಿಗೆ ಬಂದಿದ್ದರಿಂದ, ಅಂತಹ ಖರೀದಿಗಳ ಜಾಡು ತೆರಿಗೆ ದಾಖಲೆಗಳಲ್ಲಿಯೂ ಉಳಿಯುವಂತಾಯಿತು.

ಎರಡನೆಯದಾಗಿ, ಸಂಕೀರ್ಣ ಗಡಿಯಾರಗಳನ್ನು ಸ್ವಿಟ್ಜರ್ಲೆಂಡಿಗೆ ಕಳುಹಿಸಬೇಕಾದಾಗ ನಿಜಕ್ಕೂ ಕಾಗದ ಬೇಕು. ಆದರೆ ಅದು ಬೇರೆಯೇ ಕಾಗದ. ದುರಸ್ತಿಗೆಂದು ಹೊರಗೆ ಕಳುಹಿಸಿ ನಿಗದಿತ ಅವಧಿಯೊಳಗೆ ಮರಳಿ ತಂದ ವಸ್ತುವಿಗೆ, ಷರತ್ತುಗಳಿಗೊಳಪಟ್ಟು, ಇಡೀ ಬೆಲೆಯ ಮೇಲಲ್ಲದೆ ದುರಸ್ತಿ, ವಿಮೆ ಮತ್ತು ಸಾಗಣೆಯ ವೆಚ್ಚದ ಮೇಲೆ ಮಾತ್ರ ಸುಂಕ ವಿಧಿಸುವ ಸೌಲಭ್ಯ 2017ರ ಸೀಮಾಸುಂಕ ಅಧಿಸೂಚನೆಯಲ್ಲಿದೆ. ಹೋದದ್ದೂ ಬಂದದ್ದೂ ಒಂದೇ ವಸ್ತು ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಅದಕ್ಕೆ ರಫ್ತು ದಾಖಲೆಯಲ್ಲಿ ಕ್ರಮಸಂಖ್ಯೆ ನಮೂದಾಗಿರಬೇಕು. ಸ್ವತಃ ಕೊಂಡೊಯ್ಯುವ ಪ್ರಯಾಣಿಕರು ಹೊರಡುವ ಮುನ್ನವೇ ವಿಮಾನ ನಿಲ್ದಾಣದ ಸೀಮಾಸುಂಕ ಕಚೇರಿಯಿಂದ ರಫ್ತು ಪ್ರಮಾಣಪತ್ರ ಪಡೆಯುವುದು ಕ್ಷೇಮ.

ವಾಣಿಜ್ಯ ಸಂಸ್ಥೆಗಳ ಹೊಣೆ

ಹೊಸ ಗಡಿಯಾರಗಳ ಮಟ್ಟಿಗೆ ಈ ಸಮಸ್ಯೆ ಕ್ರಮೇಣ ಕರಗಬಹುದು. ಬ್ರೈಟ್ಲಿಂಗ್ ಸಂಸ್ಥೆಯು 2020ರಲ್ಲಿಯೇ ತನ್ನ ಹೊಸ ಗಡಿಯಾರಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ನೀಡಲಾರಂಭಿಸಿತು. ಆದರೆ ಈಗಾಗಲೇ ಮನೆಗಳಲ್ಲಿರುವ ಲೆಕ್ಕವಿಲ್ಲದಷ್ಟು ಗಡಿಯಾರಗಳಿಗೆ ಅಂತಹ ಪಾಸ್‌ಪೋರ್ಟ್ ಎಂದೂ ಬರುವುದಿಲ್ಲ. ಅವುಗಳ ಚರಿತ್ರೆಯನ್ನು ಇನ್ನು ಮುಂದಾದರೂ ಬರೆಯಬೇಕಾದವರು ದುರಸ್ತಿಗಾರರೇ.

ಆದ್ದರಿಂದ ವಾಣಿಜ್ಯ ಮಂಡಲಿಗಳು ಗಡಿಯಾರ ವರ್ತಕರನ್ನೂ ಸ್ವತಂತ್ರ ಕುಶಲಕರ್ಮಿಗಳನ್ನೂ ಒಂದೆಡೆ ಕೂಡಿಸಿ, ಕನ್ನಡದಲ್ಲಿ ಮಾದರಿ ಸ್ವೀಕೃತಿ ಪತ್ರ ಮತ್ತು ಸೇವಾ ವಿವರಪಟ್ಟಿಯನ್ನು ರೂಪಿಸುವುದು ಉಚಿತ. ಕಾನೂನು ತಜ್ಞರಿಂದ ಒಮ್ಮೆ ಪರಿಶೀಲಿಸಿ ಮುದ್ರಿಸಿ ಹಂಚಿದರೆ ಬೆಂಗಳೂರಿನ ದೊಡ್ಡ ಮಳಿಗೆಗೂ ಜಿಲ್ಲಾ ಕೇಂದ್ರದ ಸಣ್ಣ ಅಂಗಡಿಗೂ ಒಂದೇ ಪತ್ರ ಸಲ್ಲುತ್ತದೆ. ಬಿಲ್ಲಿಲ್ಲದ ಗ್ರಾಹಕನಿಂದ ಪಡೆಯಬೇಕಾದ ಹೇಳಿಕೆಯ ನಮೂನೆಯೂ ಅದರೊಂದಿಗಿರಲಿ. ಪೊಲೀಸ್ ಹಾಗೂ ಸೀಮಾಸುಂಕ ಇಲಾಖೆಗಳಿಗೆ ಆ ನಮೂನೆಯನ್ನು ಮೊದಲೇ ತೋರಿಸಿ ಅವರ ಸಲಹೆಗಳನ್ನು ಪಡೆದರೆ ಮುಂದೆ ತಪಾಸಣೆ ನಡೆದಾಗ ಅನಗತ್ಯ ಕಿರುಕುಳ ತಪ್ಪುತ್ತದೆ.

ಖಾತರಿ ಮುಗಿದ ಗಡಿಯಾರದ ದುರಸ್ತಿಗೆ ಮೂಲ ವಾರಂಟಿ ಕಾರ್ಡ್ ಅಗತ್ಯವಲ್ಲ. ಬಿಲ್ಲು ಇದ್ದರೆ ಒಳಿತು; ಇಲ್ಲದಿದ್ದರೆ ಅದರ ಸ್ಥಾನದಲ್ಲಿ ಸಹಿಯುಳ್ಳ ಹೇಳಿಕೆ ಮತ್ತು ಕ್ರಮಸಂಖ್ಯೆಯ ಪರಿಶೀಲನೆ ನಡೆಯಲಿ. ಅಂಗಡಿಯ ಸ್ವಂತ ದಾಖಲೆಗೆ ಮಾತ್ರ ಯಾವ ವಿನಾಯಿತಿಯೂ ಇಲ್ಲ. ‘ಕಾಗದವಿದೆಯೇ?’ ಎಂದು ಗ್ರಾಹಕನನ್ನು ಕೇಳುವ ಮುನ್ನ ಪ್ರತಿಯೊಬ್ಬ ವರ್ತಕನೂ ತಾನು ಕೊಡುವ ಕಾಗದ ಸಿದ್ಧವಿದೆಯೇ ಎಂದು ನೋಡಿಕೊಳ್ಳುವುದು ಲೇಸು.